ಬ ಬರೆಯಬೇಕಾದಲ್ಲಿ ವ

ಓದಿನ ಮನೆ: ಯುವ ಓದುಗರ ಅಂಕಣ



ಈ ಸಲ ಸ್ಪ್ಯಾನಿಷ್ ಭಾಷೆಯ ಒಬ್ಬ ಕವಿಯ ವಿಷಯ ಬರೆಯಬೇಕೆಂದು ಕುಳಿತಿದ್ದೇನೆ. ಅದಕ್ಕೆ ಮುಂಚೆ ನಮ್ಮಲ್ಲೇ ನಡೆದ ಒಂದು ಸಣ್ಣ ಸಂಗತಿ ಹೇಳಿಬಿಡಬೇಕು. ಇಲ್ಲವಾದರೆ ಈ ಕವಿಯನ್ನೇ ಏಕೆ ಆರಿಸಿಕೊಂಡೆ ಎಂಬುದು ನಿಮಗೆ ತಿಳಿಯುವುದಿಲ್ಲ.

ಕಳೆದ ರಾಜ್ಯೋತ್ಸವದ ಕವಿಗೋಷ್ಠಿಯಲ್ಲಿ 19 ವರ್ಷದ ಹುಡುಗಿಯೊಬ್ಬಳು ತಾನೇ ಬರೆದ ಕವಿತೆ ಓದಿದಳು. ಅವಳು ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ದಿಲ್ಲಿಯಲ್ಲೇ. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಹಿಂದಿ. ಆ ಹಿಂದಿಯಲ್ಲಿ ನಮ್ಮ 'ಳ' ಇಲ್ಲ. ಕವಿತೆಯಲ್ಲಿ ಮೊಮ್ಮಗಳು ಅಜ್ಜಿಗೆ ಕಥೆ 'ಹೇಳು' ಎಂದು ಕೇಳುವ ಒಂದು ಕಡೆ ಇತ್ತು. ಅಲ್ಲಿ ಅವಳ ನಾಲಿಗೆ ಹೊರಳಲಿಲ್ಲ. ಆಮೇಲೆ ಆ ಮಾತು ಏನಾಯಿತೆಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಾನೂ ನಕ್ಕೆ. ಹುಡುಗಿ ಉಳಿದ ಸಾಲುಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸಿ ಕೆಳಗಿಳಿದು ಹೋದಳು. ಆ ಮೇಲಿನ ಎರಡು ಗೋಷ್ಠಿಗಳಿಗೂ ಅವಳು ಬರಲಿಲ್ಲ. ಮೊನ್ನೆ ಅವಳ ತಾಯಿ ಸಿಕ್ಕಾಗ ವಿಚಾರಿಸಿದೆ. 'ಈಗೀಗ ಮನೆಯಲ್ಲೂ ನಮ್ಮ ಹತ್ತಿರ ಹಿಂದಿಯೇ ಆಡುತ್ತಾಳೆ ಅಕ್ಕಾ' ಎಂದರು. ಆ ಮಾತು ಮನಸ್ಸಿಗೆ ಚುಚ್ಚಿತು.

ಆ ದಿನ ರಾತ್ರಿ ನನಗೆ ನೆನಪಾದವನು ಪೆರು ದೇಶದ ಕವಿ ಸೆಸರ್ ವಯೆಹೊ. ನಮ್ಮವರಿಗೆ ನೆರೂಡ ಗೊತ್ತು, ಲೋರ್ಕಾ ಗೊತ್ತು. ವಯೆಹೊ ಅಷ್ಟಾಗಿ ಪರಿಚಯದವನಲ್ಲ. ಆದರೆ 20ನೆಯ ಶತಮಾನದ ಸ್ಪ್ಯಾನಿಷ್ ಕಾವ್ಯವನ್ನು ಬೇರುಸಹಿತ ಅಲುಗಾಡಿಸಿದವರನ್ನು ಲೆಕ್ಕ ಹಾಕಿದರೆ ಅವನ ಹೆಸರನ್ನು ಬಿಡುವಂತೆಯೇ ಇಲ್ಲ. ನಾನು ಅವನನ್ನು ಓದಿದ್ದು ಕ್ಲೇಟನ್ ಎಶಲ್ಮನ್ ಎಂಬ ಅಮೆರಿಕನ್ ಕವಿಯ ಇಂಗ್ಲಿಷ್ ಅನುವಾದದಲ್ಲಿ.

ವಯೆಹೊ ಹುಟ್ಟಿದ್ದು 1892ರ ಮಾರ್ಚ್ 16ರಂದು, ಉತ್ತರ ಪೆರುವಿನ ಆಂಡೀಸ್ ಬೆಟ್ಟಗಳ ನಡುವೆ 3,000 ಮೀಟರಿಗೂ ಎತ್ತರದಲ್ಲಿರುವ ಸಾಂತಿಯಾಗೊ ದೆ ಚೂಕೊ ಎಂಬ ಚಿಕ್ಕ ಊರಿನಲ್ಲಿ. 11 ಮಕ್ಕಳಲ್ಲಿ ಇವನೇ ಕೊನೆಯವನು. ತಂದೆಯ ತಂದೆ, ತಾಯಿಯ ತಂದೆ ಇಬ್ಬರೂ ಸ್ಪೇನಿನಿಂದ ಬಂದ ಪಾದ್ರಿಗಳು. ಅಜ್ಜಿಯರಿಬ್ಬರೂ ಆ ನೆಲದ ಮೂಲನಿವಾಸಿ ಹೆಂಗಸರು. ಅಂದರೆ ಆಳುವವರ ಭಾಷೆಯೂ ಆಳಿಸಿಕೊಂಡವರ ರಕ್ತವೂ ಒಂದೇ ಮನೆಯಲ್ಲಿ ಇದ್ದವು. ಮಗ ಪಾದ್ರಿಯಾಗಲಿ ಎಂಬುದು ಹೆತ್ತವರ ಆಸೆಯಾಗಿತ್ತು. ಹುಡುಗ ಹಿಡಿದ ದಾರಿ ಬೇರೆ.

ಓದಲು ಕರಾವಳಿಯ ತ್ರುಹಿಯೊ ನಗರಕ್ಕೆ ಹೋದ. ಹಣ ಸಾಲದೆ ಓದು ನಡುವೆ ನಿಂತಿತು. 'ರೋಮಾ' ಎಂಬ ದೊಡ್ಡ ಸಕ್ಕರೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ನಸುಕಿನಲ್ಲೇ ಕಬ್ಬಿನ ಗದ್ದೆಗೆ ಹೊರಡುವ ನೂರಾರು ಕೂಲಿಯಾಳುಗಳನ್ನು ಅಲ್ಲಿ ದಿನವೂ ಕಂಡ. ಆ ನೋಟ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಮತ್ತೆ ಓದಿಗೆ ಮರಳಿ, ಸ್ಪ್ಯಾನಿಷ್ ಕಾವ್ಯದಲ್ಲಿ ರೊಮ್ಯಾಂಟಿಸಿಸಂ ಕುರಿತು ಪ್ರಬಂಧ ಬರೆದು, 1915ರಲ್ಲಿ ಪದವಿ ಪಡೆದ. ಹೊಟ್ಟೆಪಾಡಿಗೆ ಪ್ರಾಥಮಿಕ ಶಾಲೆಯ ಮೇಷ್ಟರಾದ. ಮುಂದೆ ಪೆರುವಿನ ದೊಡ್ಡ ಕಾದಂಬರಿಕಾರನಾದ ಸಿರೊ ಅಲೆಗ್ರೀಯ ಒಂದನೇ ತರಗತಿಯಲ್ಲಿ ಇವನ ವಿದ್ಯಾರ್ಥಿ. ದೊಡ್ಡವನಾದ ಮೇಲೆ ಅವನು ಈ ಮೇಷ್ಟರ ನೆನಪುಗಳನ್ನು ಬರೆದಿಟ್ಟಿದ್ದಾನೆ.

ಈ ವಿವರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮೇಷ್ಟರು ಈತ. ವ್ಯಾಕರಣ ಗೊತ್ತಿಲ್ಲದವನಲ್ಲ.

1917ರ ಕೊನೆಗೆ ರಾಜಧಾನಿ ಲೀಮಾಕ್ಕೆ ಹೋದ. 1918ರ ಆಗಸ್ಟ್‌ನಲ್ಲಿ ಊರಿನಲ್ಲಿ ತಾಯಿ ತೀರಿಕೊಂಡಳು. ಅದಕ್ಕೂ ಮುಂಚೆ, 1915ರಲ್ಲಿ, ಜೊತೆಯಲ್ಲಿ ಆಡಿ ಬೆಳೆದ ಅಣ್ಣ ಮಿಗೆಲ್ ತೀರಿಹೋಗಿದ್ದ. ಅವನ ಮೊದಲ ಸಂಕಲನ 'ಕಪ್ಪು ದೂತರು' 1919ರಲ್ಲಿ ಓದುಗರ ಕೈಗೆ ಬಂತು. ಅದರಲ್ಲಿ ಸತ್ತ ಅಣ್ಣನನ್ನು ಕುರಿತ ಒಂದು ಕವಿತೆಯಿದೆ. ಕಣ್ಣಾಮುಚ್ಚಾಲೆ ಆಡುತ್ತಾ ಅಣ್ಣ ಅಡಗಿಕೊಂಡಿದ್ದಾನೆ, ಎಷ್ಟು ಹುಡುಕಿದರೂ ಸಿಗುತ್ತಿಲ್ಲ, ಬೇಗ ಹೊರಗೆ ಬಾ, ಅಮ್ಮ ಗಾಬರಿಯಾದಾಳು ಎಂಬ ಧಾಟಿ. ಸಾವು ಎಂಬ ಮಾತೇ ಬೇಕಾಗದಂತೆ ಸಾವನ್ನು ಹೇಳಿಬಿಡುತ್ತಾನೆ. ಈ ಪುಸ್ತಕದ ಮಟ್ಟಿಗೆ ಛಂದಸ್ಸು, ಪ್ರಾಸ ಇನ್ನೂ ಬಹುಮಟ್ಟಿಗೆ ಹಳೆಯ ಕಟ್ಟಿನಲ್ಲೇ ಇವೆ.

ಕಟ್ಟು ಮುರಿದದ್ದು ಜೈಲಿನಲ್ಲಿ ಎನ್ನಬಹುದು. 1920ರಲ್ಲಿ ಹಬ್ಬಕ್ಕೆಂದು ಊರಿಗೆ ಹೋಗಿದ್ದ. ಆಗಸ್ಟ್ 1ರಂದು ಅಲ್ಲಿ ದೊಡ್ಡ ಗಲಭೆಯಾಯಿತು. ಗುಂಡು ಹಾರಿ ಜನ ಸತ್ತರು, ಊರಿನ ವರ್ತಕ ಮನೆತನವೊಂದರ ಅಂಗಡಿಗೆ ಬೆಂಕಿ ಬಿತ್ತು. ಇದಕ್ಕೆಲ್ಲ ಕುಮ್ಮಕ್ಕು ಕೊಟ್ಟವರಲ್ಲಿ ಇವನೂ ಒಬ್ಬ ಎಂದು ಮೊಕದ್ದಮೆ ಹೂಡಿದರು. ಕೆಲ ಕಾಲ ಗೆಳೆಯ ಆಂತೆನೋರ್ ಒರ್ರೇಗೊನ ಮನೆಯಲ್ಲಿ ತಲೆಮರೆಸಿಕೊಂಡಿದ್ದ. ನವೆಂಬರಿನಲ್ಲಿ ಸಿಕ್ಕಿಬಿದ್ದು 112 ದಿನ ತ್ರುಹಿಯೊ ಜೈಲಿನಲ್ಲಿ ಕಳೆದ. ಲೇಖಕರು, ವಿದ್ಯಾರ್ಥಿಗಳು, ಪತ್ರಿಕೆಯವರು ಅವನ ಪರವಾಗಿ ದನಿಯೆತ್ತಿದರು. 1921ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಆದರೆ ಮೊಕದ್ದಮೆಯ ಕತ್ತಿ ತಲೆಯ ಮೇಲೆ ತೂಗುತ್ತಲೇ ಇತ್ತು.

1922ರಲ್ಲಿ 'ತ್ರಿಲ್ಸೆ' ಎಂಬ ಪುಸ್ತಕ ಬಂತು. ಸ್ಪ್ಯಾನಿಷ್ ನಿಘಂಟಿನಲ್ಲಿ ಇಂಥ ಶಬ್ದವೇ ಇರಲಿಲ್ಲ. ದುಃಖ ಎನ್ನುವುದಕ್ಕೂ ಸಿಹಿ ಎನ್ನುವುದಕ್ಕೂ ಅವರಲ್ಲಿರುವ ಎರಡು ಶಬ್ದಗಳನ್ನು ಕೂಡಿಸಿ ಮಾಡಿದ್ದು ಎಂದು ಕೆಲವರು ಹೇಳುತ್ತಾರೆ. ಇನ್ನೊಂದು ಕಥೆಯೂ ಇದೆ. ಮೊದಲು ಪುಸ್ತಕಕ್ಕೆ ಬೇರೆ ಹೆಸರಿತ್ತು, ಕವಿಗೂ ಒಂದು ಕಾವ್ಯನಾಮ ಇತ್ತು. ಗೆಳೆಯರು ಹಾಸ್ಯ ಮಾಡಿದ್ದರಿಂದ ಕಾವ್ಯನಾಮ ಬಿಟ್ಟ. ಆಗಲೇ ಅಚ್ಚಾಗಿದ್ದ ಪುಟಗಳನ್ನು ಮತ್ತೆ ಅಚ್ಚು ಹಾಕಲು ಇನ್ನೂ ಮೂರು ಪೌಂಡ್ ಆಗುತ್ತದೆ ಎಂದರಂತೆ. ಕಿಸೆಯಲ್ಲಿ ಕಾಸಿಲ್ಲದ ಕವಿ ಆ 'ಮೂರು' ಎಂಬ ಶಬ್ದವನ್ನೇ ಬಾಯಲ್ಲಿ ಹೊರಳಿಸಿ ಹೊರಳಿಸಿ 'ತ್ರಿಲ್ಸೆ' ಮಾಡಿದನಂತೆ. ಪುಸ್ತಕ ಅಚ್ಚಾದದ್ದು ಲೀಮಾದ ಕೇಂದ್ರ ಕಾರಾಗೃಹದ ಮುದ್ರಣಾಲಯದಲ್ಲಿ, 200 ಪ್ರತಿ ಮಾತ್ರ. ಮುನ್ನುಡಿ ಬರೆದವನು ಅದೇ ಒರ್ರೇಗೊ.

ಇದರಲ್ಲಿ 77 ಕವಿತೆಗಳಿವೆ. ಯಾವುದಕ್ಕೂ ಶೀರ್ಷಿಕೆಯಿಲ್ಲ, ರೋಮನ್ ಅಂಕಿ ಅಷ್ಟೇ. ಶಬ್ದಗಳು ನಡುವೆ ಮುರಿಯುತ್ತವೆ, ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ವಾಕ್ಯದೊಳಗೆ ಲೆಕ್ಕದ ಅಂಕಿಗಳು ನುಗ್ಗುತ್ತವೆ. ವೈದ್ಯಶಾಸ್ತ್ರದ ಶಬ್ದ, ಹಳೆಯ ಕಾಲದ ಸ್ಪ್ಯಾನಿಷ್, ಊರಿನ ಅಡುಗೆಮನೆಯ ಮಾತು, ಮಗುವಿನ ತೊದಲು ಎಲ್ಲವೂ ಒಂದರ ಪಕ್ಕದಲ್ಲೊಂದು ಕುಳಿತಿವೆ. ಒಂದು ಕವಿತೆಯಲ್ಲಂತೂ 'ಬ' ಬರೆಯಬೇಕಾದಲ್ಲಿ ಬೇಕೆಂದೇ 'ವ' ಬರೆದಿದ್ದಾನೆ, ಒಂದೇ ಶಬ್ದದಲ್ಲಿ ಆ ಅಕ್ಷರವನ್ನು ಎರಡೆರಡು ಮೂರು ಮೂರು ಸಲ ಜೋಡಿಸಿದ್ದಾನೆ.

ಇದರ ಗುಟ್ಟು ಹೀಗಿದೆ. ಸ್ಪ್ಯಾನಿಷಿನಲ್ಲಿ ಈ ಎರಡು ಅಕ್ಷರಗಳು ಬರವಣಿಗೆಯಲ್ಲಿ ಬೇರೆ, ಉಚ್ಚಾರಣೆಯಲ್ಲಿ ಒಂದೇ. ಈ ಕವಿಯ ಹೆಸರೂ 'ವ'ದಿಂದಲೇ ಶುರುವಾಗುತ್ತದೆ, ಅವರ ಬಾಯಲ್ಲಿ ನಮ್ಮ ಕಿವಿಗೆ 'ಬಯೆಹೊ' ಎಂದೇ ಕೇಳಿಸುತ್ತದೆ. ಹೀಗಾಗಿ ಅಕ್ಷರ ಕಲಿಯುವ ಮಕ್ಕಳೂ ಕಡಿಮೆ ಓದಿದ ದೊಡ್ಡವರೂ ಬರೆಯುವಾಗ ಇವೆರಡನ್ನು ಅದಲು ಬದಲು ಮಾಡುವುದು ಅಲ್ಲಿ ಮಾಮೂಲು. ಮೇಷ್ಟರಾಗಿದ್ದ ವಯೆಹೊ ಎಷ್ಟು ಮಕ್ಕಳ ಪಾಟಿಯ ಮೇಲೆ ಈ ತಪ್ಪನ್ನು ತಿದ್ದಿರಬಹುದು! ಅದೇ ತಪ್ಪನ್ನು ಅವನು ಎತ್ತಿಕೊಂಡು ಕವಿತೆಯಲ್ಲಿಟ್ಟ. ಇಂಗ್ಲಿಷಿನಲ್ಲಿ ಈ ಎರಡು ಅಕ್ಷರಗಳ ಉಚ್ಚಾರಣೆಯೇ ಬೇರೆ, ಆದ್ದರಿಂದ ಅನುವಾದದಲ್ಲಿ ಇದರ ಸ್ವಾರಸ್ಯ ಅರ್ಧ ಹೋಗುತ್ತದೆ. ಕನ್ನಡದವರಿಗೆ ಇದು ಬೇಗ ಹೊಳೆಯುತ್ತದೆ. ನಮ್ಮಲ್ಲಿ ವನ ಬನವಾಗಿದೆ, ವರ್ಣ ಬಣ್ಣವಾಗಿದೆ, ವಸತಿ ಬಸದಿಯಾಗಿದೆ. ಇವನ್ನು ಯಾರೂ ತಪ್ಪು ಎನ್ನುವುದಿಲ್ಲ. ತದ್ಭವ ಎಂದು ವ್ಯಾಕರಣದಲ್ಲಿ ಪಾಠ ಮಾಡುತ್ತೇವೆ.

'ತ್ರಿಲ್ಸೆ' ಬರೀ ಶಬ್ದಗಳ ಸರ್ಕಸ್ಸಾಗಿದ್ದರೆ ನನ್ನಂಥವಳು ಅದನ್ನು ಎರಡನೇ ಸಲ ತೆರೆಯುತ್ತಿರಲಿಲ್ಲ. ಅರ್ಥವಾಗದ ಕವಿತೆಗಳು ಬೇಕಾದಷ್ಟಿವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಡುನಡುವೆ ಅವನ ಮನೆ ಬಂದುಬಿಡುತ್ತದೆ. ಒಂದು ಕವಿತೆಯಲ್ಲಿ ಅಮ್ಮನೇ ಬಿಸ್ಕತ್ತು ಸುಡುವ ಬಿಸಿ ಒಲೆ. ನಾಲ್ಕು ಮಕ್ಕಳು ಅವಳ ಸುತ್ತ ಕೈ ಚಾಚಿ ನಿಂತಿದ್ದಾರೆ. ಇನ್ನೊಂದರಲ್ಲಿ ದೊಡ್ಡವರು ಎಲ್ಲೋ ಹೋಗಿದ್ದಾರೆ, ಕತ್ತಲಾಗುತ್ತಿದೆ, ಚಿಕ್ಕ ಮಕ್ಕಳು ಅವರ ದಾರಿ ಕಾಯುತ್ತಿದ್ದಾರೆ. ಕೊನೆಯಲ್ಲಿ ನೋಡಿದರೆ ಅಕ್ಕಂದಿರ, ಅಣ್ಣನ ಹೆಸರು ಹಿಡಿದು ಕೂಗುತ್ತಿರುವವನು ಒಬ್ಬಂಟಿ. ಆ ಮನೆ ಮನೆಯೋ ಜೈಲಿನ ಕೋಣೆಯೋ ಎಂಬ ಸಂಶಯ ನಮಗೆ ಹುಟ್ಟುತ್ತದೆ. ಮತ್ತೊಂದು ಕವಿತೆಯಲ್ಲಿ ಅಮ್ಮನಿಲ್ಲದೆ ಮಧ್ಯಾಹ್ನದ ಊಟ. ಇನ್ನೊಂದಿಷ್ಟು ಬಡಿಸಿಕೋ ಎನ್ನುವವರಿಲ್ಲದೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹಾಸ್ಟೆಲಿನಲ್ಲಿದ್ದು ಬಂದ ನಿಮಗೆ ಇದನ್ನು ನಾನು ವಿವರಿಸಬೇಕೆ?

ಆ ಕಾಲದಲ್ಲಿ ಯೂರೋಪಿನಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ಹೊಸ ಕಾವ್ಯದ ಗಲಾಟೆ ಜೋರಾಗಿತ್ತು. ದಿನಕ್ಕೊಂದು ಪಂಥ, ವಾರಕ್ಕೊಂದು ಘೋಷಣಾಪತ್ರ. ವಯೆಹೊ ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ. 1926ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯ ಹುವಾನ್ ಲರೇಯನ ಜೊತೆ ಎರಡೇ ಸಂಚಿಕೆ ನಡೆದ ಒಂದು ಸಣ್ಣ ಪತ್ರಿಕೆ ತಂದ. ಅದರಲ್ಲಿ ಹೊಸ ಕಾವ್ಯವನ್ನು ಕುರಿತು ಒಂದು ಲೇಖನ ಬರೆದ. ಅದರ ತಿರುಳು ಇಷ್ಟು: ಸಿನಿಮಾ, ವಿಮಾನ, ರೇಡಿಯೊ ಎಂದು ಹೊಸ ಶಬ್ದ ತುಂಬಿದ ಮಾತ್ರಕ್ಕೆ ಕಾವ್ಯ ಹೊಸದಾಗುವುದಿಲ್ಲ, ಹೊಸ ಕಾಲ ಮನುಷ್ಯನ ನರನಾಡಿಯೊಳಗೆ ಇಳಿದು ಅವನ ಭಾವನೆಯೇ ಬದಲಾಗಬೇಕು, ಆಗ ಹೊಸ ಶಬ್ದ ಇಲ್ಲದಿದ್ದರೂ ಕವಿತೆ ಹೊಸದೇ. ಇಂಗ್ಲಿಷ್ ಪದ ನಾಲ್ಕು ಸೇರಿಸಿದರೆ ಕವಿತೆ ಮಾಡರ್ನ್ ಆಯಿತು ಎಂದುಕೊಳ್ಳುವವರಿಗೆ ಇದು ಇಂದಿಗೂ ಒಳ್ಳೆಯ ಮಾತು.

'ತ್ರಿಲ್ಸೆ' ಬಂದಾಗ ಲೀಮಾದ ಸಾಹಿತ್ಯವಲಯಕ್ಕೆ ಏನು ಹೇಳಬೇಕೆಂದೇ ತೋಚಲಿಲ್ಲ. ಕೆಲವರು ಗೇಲಿ ಮಾಡಿದರು, ಹೆಚ್ಚಿನವರು ಸುಮ್ಮನಿದ್ದರು. ಪುಸ್ತಕ ಶೂನ್ಯದಲ್ಲಿ ಬಿದ್ದಂತಾಯಿತು, ಆದರೂ ಅದರ ಪೂರ್ತಿ ಹೊಣೆ ನನ್ನದೇ ಎಂಬ ಅರ್ಥದಲ್ಲಿ ಒರ್ರೇಗೊಗೆ ಪತ್ರ ಬರೆದ. ಸ್ಪೇನಿನಲ್ಲಿ ಹೊಸೆ ಬೆರ್ಗಮೀನ್ ಮುನ್ನುಡಿ ಬರೆದು ಎರಡನೇ ಮುದ್ರಣ ಬಂದದ್ದು 1930ರಲ್ಲಿ.

ಅಷ್ಟು ಹೊತ್ತಿಗೆ ಕವಿ ಪೆರು ಬಿಟ್ಟು ಏಳು ವರ್ಷವಾಗಿತ್ತು. 1923ರ ಜೂನ್‌ನಲ್ಲಿ ಹಡಗು ಹತ್ತಿದವನು ಜುಲೈಯಲ್ಲಿ ಪ್ಯಾರಿಸ್ ಸೇರಿದ. ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಪ್ಯಾರಿಸ್ಸಿನ ಬದುಕು ಎಂದರೆ ಹಸಿವು, ಬಾಡಿಗೆ ಬಾಕಿ, ಕಾಯಿಲೆ. ಲೀಮಾದ ವಾರಪತ್ರಿಕೆಗಳಿಗೆ ಲೇಖನ ಬರೆದು ಬಂದ ಹಣದಲ್ಲಿ ದಿನ ತಳ್ಳಿದ. ಜಾರ್ಜೆಟ್ ಎಂಬ ಫ್ರೆಂಚ್ ಹೆಣ್ಣುಮಗಳು ಜೊತೆಯಾದಳು. 1934ರಲ್ಲಿ ಮದುವೆಯೂ ಆಯಿತು. ಮೂರು ಸಲ ಸೋವಿಯತ್ ರಷ್ಯಾ ನೋಡಿ ಬಂದ. ಕಮ್ಯುನಿಸ್ಟ್ ವಿಚಾರಗಳಿಗಾಗಿ 1930ರ ಕೊನೆಗೆ ಫ್ರಾನ್ಸ್ ಸರ್ಕಾರ ಅವನನ್ನು ಹೊರಹಾಕಿತು, ಸ್ವಲ್ಪ ಕಾಲ ಸ್ಪೇನಿನಲ್ಲಿದ್ದು ಮರಳಿದ.

ಸ್ಪೇನಿನಲ್ಲಿದ್ದಾಗ ಪ್ರಕಾಶಕರೊಬ್ಬರು ಮಕ್ಕಳ ಕಥೆ ಕೇಳಿದರು. 'ಪಾಕೊ ಯುಂಕೆ' ಬರೆದುಕೊಟ್ಟ. ಮನೆಗೆಲಸದವಳ ಮಗ ಪಾಕೊ ಮೊದಲ ದಿನ ಶಾಲೆಗೆ ಹೋಗುತ್ತಾನೆ. ತಾಯಿ ಕೆಲಸ ಮಾಡುವ ಮನೆಯ ಸಾಹುಕಾರನ ಮಗ ಅದೇ ತರಗತಿಯಲ್ಲಿ ಅವನನ್ನು ಹೊಡೆದು ಬಡಿದು ಕಾಡಿಸಿ, ಕೊನೆಗೆ ಪಾಕೊ ಬರೆದ ಹಾಳೆಯನ್ನೇ ಕದ್ದು ತನ್ನ ಹೆಸರು ಹಾಕಿಕೊಂಡು ಬಹುಮಾನ ಪಡೆಯುತ್ತಾನೆ. ತೀರಾ ದುಃಖದ ಕಥೆ ಎಂದು ಪ್ರಕಾಶಕರು ವಾಪಸು ಕೊಟ್ಟರು. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1951ರಲ್ಲಿ. ಇಂದು ಪೆರುವಿನ ಶಾಲಾಮಕ್ಕಳು ಅದನ್ನು ಓದುತ್ತಾರೆ.

ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. 15 ವರ್ಷ ಫ್ರೆಂಚ್ ಮಾತಾಡುವ ಊರಿನಲ್ಲಿದ್ದ, ಫ್ರೆಂಚ್ ಹೆಂಡತಿಯೊಡನೆ ಸಂಸಾರ ಮಾಡಿದ. ಆದರೂ ಕವಿತೆ ಬರೆದದ್ದು ಮಾತ್ರ ಅಮ್ಮ ಬಡಿಸಿದ ಭಾಷೆಯಲ್ಲಿ. ಓದುವವರು ಹತ್ತಿರದಲ್ಲಿರಲಿಲ್ಲ. 'ತ್ರಿಲ್ಸೆ' ಆದ ಮೇಲೆ ಬದುಕಿರುವಾಗ ಇನ್ನೊಂದು ಹೊಸ ಕವನಸಂಕಲನ ಅವನ ಹೆಸರಿನಲ್ಲಿ ಬರಲೇ ಇಲ್ಲ. ಬರೆದದ್ದೆಲ್ಲ ಕಾಗದದ ಕಟ್ಟಾಗಿ ಉಳಿಯಿತು.

1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾಯಿತು. ಚುನಾಯಿತ ಗಣರಾಜ್ಯದ ವಿರುದ್ಧ ಸೈನ್ಯ ದಂಗೆ ಎದ್ದಾಗ ವಯೆಹೊ ಗಣರಾಜ್ಯದ ಪರವಾಗಿ ಓಡಾಡಿದ. 1937ರ ಜುಲೈಯಲ್ಲಿ ವಲೆನ್ಸಿಯಾ, ಮ್ಯಾಡ್ರಿಡ್‌ಗಳಲ್ಲಿ ನಡೆದ ಲೇಖಕರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿಬಂದ. ಅಲ್ಲಿಂದ ಬಂದ ಮೇಲೆ, ಆ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ಕಟ್ಟೆಯೊಡೆದಂತೆ ಕವಿತೆಗಳು ಬಂದವು.

ಅವುಗಳಲ್ಲಿ ಒಂದು ಪೆದ್ರೊ ರೋಹಾಸ್ ಎಂಬ ರೈಲ್ವೆ ಕೆಲಸಗಾರನ ಕವಿತೆ. ಪೆದ್ರೊಗೆ ಅಷ್ಟಾಗಿ ಓದುಬರಹ ಬಾರದು. ಗಾಳಿಯಲ್ಲಿ ಬೆರಳಾಡಿಸಿ ಸಂಗಾತಿಗಳಿಗೆ ಜಯವಾಗಲಿ ಎಂದು ಬರೆಯುತ್ತಾನೆ. ಅವನು ಬರೆಯುವ ಜಯಕಾರದಲ್ಲಿ 'ವ' ಇರಬೇಕಾದಲ್ಲಿ 'ಬ' ಇದೆ. ಅವನನ್ನು ಕೊಲ್ಲುತ್ತಾರೆ. ಸತ್ತವನ ಅಂಗಿಯಲ್ಲಿ ಒಂದು ಚಮಚ ಸಿಗುತ್ತದೆ. ವಯೆಹೊ ಆ ತಪ್ಪು ಕಾಗುಣಿತವನ್ನು ತಿದ್ದುವುದಿಲ್ಲ. ಅಷ್ಟೇ ಅಲ್ಲ, ಆ ಅಕ್ಷರದ ಕಡೆ ನಮ್ಮ ಕಣ್ಣು ಹೋಗಲೇಬೇಕು ಎಂಬಂತೆ ಅದನ್ನು ಹೆಸರಿಸಿಯೇ ಎತ್ತಿ ತೋರಿಸುತ್ತಾನೆ. ಇದಕ್ಕೆ ಹಿನ್ನೆಲೆಯೂ ಇದೆ. ಬುರ್ಗೋಸ್ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ರೂಯಿಸ್ ವಿಲಾಪ್ಲಾನ ಎಂಬವನು ತಾನು ಕಂಡದ್ದನ್ನು 1937ರಲ್ಲಿ ಪುಸ್ತಕ ಮಾಡಿದ್ದ. ಕೊಂದು ಎಸೆದ ಒಬ್ಬ ಬಡವನ ಬಟ್ಟೆಯಲ್ಲಿ ಸಂಗಾತಿಗಳಿಗೆ ಎಚ್ಚರಿಕೆ ಕೊಡುವ ಒಂದು ಚೀಟಿ ಸಿಕ್ಕಿದ್ದು ಅದರಲ್ಲಿದೆ. ಅದೂ ಇಂಥದೇ ಕಾಗುಣಿತದಲ್ಲಿತ್ತು. ಸಾಯುವ ಮುಂಚೆ ಒಬ್ಬ ಮನುಷ್ಯ ತನಗೆ ಬಂದ ಹಾಗೆ ಬರೆದ ಅಕ್ಷರ ಅದು. ತಿದ್ದಿದರೆ ವಾಕ್ಯ ಶುದ್ಧವಾಗುತ್ತದೆ, ಆದರೆ ಆ ಮನುಷ್ಯನ ಕೈ ಅದರಲ್ಲಿ ಉಳಿಯುವುದಿಲ್ಲ.

1938ರ ಮಾರ್ಚ್‌ನಲ್ಲಿ ವಯೆಹೊ ಹಾಸಿಗೆ ಹಿಡಿದ. ವೈದ್ಯರಿಗೆ ಕಾಯಿಲೆಯ ಮೂಲ ಸಿಗಲಿಲ್ಲ. ಏಪ್ರಿಲ್ 15ರಂದು ತೀರಿಕೊಂಡ. ವಯಸ್ಸು 46. ತಾನು ಪ್ಯಾರಿಸ್ಸಿನಲ್ಲಿ ಮಳೆಯ ದಿನ ಸಾಯುತ್ತೇನೆ, ಅದು ಗುರುವಾರವಾಗಿರಬಹುದು ಎಂದು ಹಿಂದೆ ಒಂದು ಕವಿತೆ ಬರೆದಿದ್ದ. ಊರು ಸರಿಹೋಯಿತು, ವಾರ ಒಂದು ದಿನ ತಪ್ಪಿತು. ಅಂದು ಗುಡ್‌ಫ್ರೈಡೆ. ಮರುವರ್ಷ ಜಾರ್ಜೆಟ್ ಮತ್ತು ಗೆಳೆಯರು ಆ ಕಾಗದದ ಕಟ್ಟನ್ನು 'ಮಾನವ ಕವಿತೆಗಳು' ಎಂದು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದರು. ಸ್ಪೇನಿನ ಕವಿತೆಗಳನ್ನು ಗಣರಾಜ್ಯದ ಸೈನಿಕರೇ 1939ರ ಜನವರಿಯಲ್ಲಿ ಮೊಂಟ್ಸೆರಾಟ್ ಮಠದಲ್ಲಿ ಅಚ್ಚು ಹಾಕಿದರು. ಹಂಚುವುದರೊಳಗೆ ಯುದ್ಧ ಸೋತಿತು. ಪ್ರತಿಗಳೆಲ್ಲ ನಾಶವಾದವು ಎಂದೇ ಬಹುಕಾಲ ನಂಬಿದ್ದರು. ದಶಕಗಳ ನಂತರ ಅದೇ ಮಠದ ಗ್ರಂಥಾಲಯದಲ್ಲಿ ಕೆಲವು ಸಿಕ್ಕವು. ಪೆರುವಿನ ನ್ಯಾಯಾಂಗ ಅವನ ಮೇಲಿನ ಹಳೆಯ ಕಳಂಕವನ್ನು ಅಧಿಕೃತವಾಗಿ ತೊಡೆದದ್ದು 2007ರಲ್ಲಿ. ಮೊಕದ್ದಮೆ ಹೂಡಿ ಆಗಲೇ 87 ವರ್ಷ ಕಳೆದಿತ್ತು.

ಈಗ ನಮ್ಮ ಮಾತಿಗೆ ಬರೋಣ. 'ಹಾಗಾದರೆ ಆಂಟಿ, ಕಾಗುಣಿತ ಕಲಿಯುವುದೇ ಬೇಡ ಅನ್ನಿ' ಎಂದು ನಿಮ್ಮಲ್ಲಿ ತುಂಟರು ಕೇಳಿಯೇ ಕೇಳುತ್ತೀರಿ. ಹಾಗಲ್ಲ. ವಯೆಹೊ 'ಬ' ಯಾವುದು 'ವ' ಯಾವುದು ಎಂದು ಗೊತ್ತಿದ್ದೇ ಮುರಿದವನು. ಪೆದ್ರೊ ಗೊತ್ತಿಲ್ಲದೆ ಬರೆದವನು. ಗೊತ್ತಿದ್ದವನು ಗೊತ್ತಿಲ್ಲದವನನ್ನು ನೋಡಿ ನಗಲಿಲ್ಲ. ಅವನ ಅಕ್ಷರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನಾವು ಹಿರಿಯರು ಕಲಿಯಬೇಕಾದದ್ದು ಇದು. ನೀವು 'ಳ' ಕಲಿಯಿರಿ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗಳಕ್ಕೆ ತಾಗಿಸಿದರೆ ಬರುತ್ತದೆ, ಒಂದು ತಿಂಗಳ ಅಭ್ಯಾಸ. ಆದರೆ ಅದು ಬರುವವರೆಗೆ ಬಾಯಿ ಮುಚ್ಚಿಕೊಂಡು ಇರಬೇಡಿ.

ಆ ಹುಡುಗಿಯ ಮನೆಗೆ ಕಳೆದ ಭಾನುವಾರ ಹೋಗಿದ್ದೆ. 'ಅವತ್ತು ನಾನೂ ನಕ್ಕೆನಮ್ಮಾ, ತಪ್ಪಾಯಿತು' ಎಂದೆ. ಅವಳು 'ಪರವಾಗಿಲ್ಲ ಆಂಟಿ' ಎಂದಳು, ಕನ್ನಡದಲ್ಲೇ. ಮುಂದಿನ ಗೋಷ್ಠಿಗೆ ಬರುತ್ತಾಳೋ ಇಲ್ಲವೋ ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಬರುವಾಗ ಎಶಲ್ಮನ್ ಅನುವಾದದ ಪುಸ್ತಕವನ್ನು ಅವಳ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ, ಅಣ್ಣನ ಕಣ್ಣಾಮುಚ್ಚಾಲೆ ಕವಿತೆಯ ಪುಟದಲ್ಲಿ ಒಂದು ಗುರುತು ಸೇರಿಸಿ.

ಉಳಿದವರಿಗೂ ಒಂದು ಮಾತು. ಮುಂದಿನ ಸಂಚಿಕೆಗೆ ನಿಮ್ಮ ಮನೆಯ ಅಡುಗೆಮನೆ ಬಗ್ಗೆ, ಅಜ್ಜಿ ಬಗ್ಗೆ, ಒಬ್ಬರೇ ಕುಳಿತು ಮಾಡಿದ ಊಟದ ಬಗ್ಗೆ, ನಿಮಗೆ ಬಂದ ಕನ್ನಡದಲ್ಲಿ ಹತ್ತು ಸಾಲು ಬರೆದು ಕಳಿಸಿ. ತಿದ್ದಿಕೊಡಿ ಎಂದು ಕೇಳಿದರೆ ತಿದ್ದುತ್ತೇನೆ. ಕೇಳದಿದ್ದರೆ ಇದ್ದ ಹಾಗೆಯೇ ಅಚ್ಚಿಗೆ ಕೊಡುತ್ತೇನೆ.